ಗಾಡಿ ಮುಂದೆ ನಿಂತು ಕಲಿತದ್ದು

ಸಂಜೆ ಆರು ದಾಟಿದರೆ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಎಲ್ಲೇ ಹೋಗಿ, ಸರ್ಕಲ್ಲಿನಲ್ಲಿ ಕೇಳುವ ಸದ್ದು ಒಂದೇ. ತಿಂಡಿ ಗಾಡಿಯ ಕಾದ ಕಬ್ಬಿಣದ ಬಾಣಲೆಗೆ ಸೌಟು ಬಡಿಯುತ್ತಿರುತ್ತದೆ. ಎಗ್ ರೈಸ್, ಗೋಬಿ ಮಂಚೂರಿ, ನೂಡಲ್ಸ್, ಕಬಾಬ್. ಹಿಂದೆ ಇವೆಲ್ಲ ಬೇಕೆಂದರೆ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಿತ್ತು. ಈಗ ಹಳ್ಳಿ ಬಾಗಿಲಿಗೇ ಬಂದಿವೆ.

ನಮ್ಮೂರು ಕ್ಯಾತಗಾನಚೆರ್ಲು. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು ಮತ್ತು ನಮ್ಮೂರು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಪಾವಗಡದ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಮೊದಲ ಹಂತ ಶುರುವಾಯಿತು, ಈಗ ಒಟ್ಟು 2,050 ಮೆಗಾವ್ಯಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟವರಲ್ಲಿ ನಾನೂ ಒಬ್ಬ. ಮಳೆ ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ಹೊಲ ಅದು. ಆಮೇಲೆ ಒಂದು ಬೊಲೆರೊ ತೆಗೆದುಕೊಂಡು ಬಾಡಿಗೆಗೆ ಓಡಿಸತೊಡಗಿದೆ. ಬೆಳಗಿನಿಂದ ಸಂಜೆವರೆಗೆ ಕಳೆ ಕೀಳುತ್ತಾ, ಮಿಣಿ ಹೊರುತ್ತಾ ಇದ್ದ ಮೈ ಸೀಟಿನ ಮೇಲೆ ಕೂತಿತು. ಮುದ್ದೆ, ಬಸ್ಸಾರು ಇದ್ದ ಜಾಗಕ್ಕೆ ಗಾಡಿ ಊಟ ಬಂತು. ನಮ್ಮಮ್ಮನಿಗೂ ಶುಗರ್ ಇತ್ತು. ಮೂರೂ ಕೂಡಿಕೊಂಡವು, ಐವತ್ತು ತುಂಬುವ ಮುಂಚೆಯೇ ನನಗೂ ಬಂತು.

ನಾನು ಡಾಕ್ಟರಲ್ಲ. ಮಾತ್ರೆ ವಿಷಯವನ್ನು ನಿಮ್ಮ ಡಾಕ್ಟರ ಹತ್ತಿರವೇ ಮಾತಾಡಿ. ಹೊರಗೆ ತಿನ್ನದೆ ಗತಿಯಿಲ್ಲದ ಕೆಲಸದಲ್ಲಿದ್ದು ಶುಗರ್ ಹಿಡಿತದಲ್ಲಿ ಇಟ್ಟುಕೊಳ್ಳಲು ಹೆಣಗಿದವನು ಕಂಡುಕೊಂಡದ್ದನ್ನಷ್ಟೇ ಇಲ್ಲಿ ಬರೆದಿದ್ದೇನೆ.

1. ಹಸಿದು ಗಾಡಿ ಹತ್ತಿರ ಹೋಗಬೇಡಿ

ಶುಗರ್ ಅಂತ ಗೊತ್ತಾದ ಮೇಲೆ ಹೊರಗಿನ ತಿಂಡಿ ಮುಟ್ಟುವುದೇ ಇಲ್ಲ ಎಂದು ಹಟ ಹಿಡಿದೆ. ಬೆಳಿಗ್ಗೆ ಮನೆಯಲ್ಲಿ ಒಂದಿಷ್ಟು ತಿಂದು ಹೊರಟರೆ ಸಂಜೆವರೆಗೆ ಬರೀ ಟೀ. ಏಳು ಗಂಟೆಗೆ ಬಾಡಿಗೆ ಮುಗಿದು ಇಳಿಯುವಷ್ಟರಲ್ಲಿ ಹೊಟ್ಟೆ ಉರಿಯುತ್ತಿರುತ್ತಿತ್ತು. ಎದುರಿಗೇ ಗಾಡಿ. ಒಂದು ಫುಲ್ ಎಗ್ ರೈಸ್ ತಿಂದು, ಸಾಲದೆಂದು ಗೋಬಿಯೂ ಹೇಳುತ್ತಿದ್ದೆ. ತಿಂದ ಮೇಲೆ ಸಂಕಟ, ಆ ಸಂಕಟಕ್ಕೆ ಮಾರನೆಯ ದಿನ ಇನ್ನೂ ಬಿಗಿ ಉಪವಾಸ, ಸಂಜೆಗೆ ಮತ್ತೆ ಅದೇ ಕಥೆ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಹಟ ಮಾಡಿದಷ್ಟೂ ಶುಗರ್ ಏರುಪೇರಾಯಿತು.

ಈಗ ನಾಲ್ಕೂವರೆಯ ಹೊತ್ತಿಗೆ ಒಂದು ಹಿಡಿ ಹುರಿದ ಕಡಲೆಕಾಯಿ ತಿನ್ನುತ್ತೇನೆ. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಅದನ್ನು ತಿಂದರೆ ಶುಗರ್ ಏರುವುದು ತೀರಾ ನಿಧಾನ. ಎಣ್ಣೆ ಅಂಶ ಹೆಚ್ಚಿರುವುದರಿಂದ ಒಂದು ಹಿಡಿ ಸಾಕು, ಪೊಟ್ಟಣವಿಡೀ ಬೇಡ. ಹೊಟ್ಟೆಯಲ್ಲಿ ಅಷ್ಟು ಇದ್ದರೆ ಏಳು ಗಂಟೆಗೆ ಗಾಡಿ ಮುಂದೆ ನಿಂತಾಗ ಏನು ಹೇಳಬೇಕು ಅಂತ ಯೋಚಿಸುವ ವ್ಯವಧಾನ ಇರುತ್ತದೆ. ಬೆಲ್ಲದ ಕಡಲೆ ಮಿಠಾಯಿ ಈ ಲೆಕ್ಕಕ್ಕೆ ಬರುವುದಿಲ್ಲ. ಬೆಲ್ಲ ಬಹುಪಾಲು ಸಕ್ಕರೆಯೇ.

2. ಬೆಳಗಿನ ಶುಗರ್ ಒಂದನ್ನೇ ನಂಬಿ ಕೂರಬೇಡಿ

ಖಾಲಿ ಹೊಟ್ಟೆಯಲ್ಲಿ ನೋಡಿಸಿದಾಗ 130ರ ಆಸುಪಾಸು ಬರುತ್ತಿತ್ತು. ಪರವಾಗಿಲ್ಲ ಅಂದುಕೊಂಡೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾಡಿಸಿದಾಗ 9 ದಾಟಿತ್ತು. ನಮ್ಮಂಥ ಬಹಳ ಜನಕ್ಕೆ ಡಾಕ್ಟರು ಇಡುವ ಗುರಿ 7ರ ಕೆಳಗೆ. ಬೆಳಗಿನ ಲೆಕ್ಕ ಸುಮಾರಾಗಿದ್ದರೆ ಇದು ಎಲ್ಲಿಂದ ಬಂತು? ಗಾಡಿ ಊಟದ ನಂತರದ ಗಂಟೆಗಳಿಂದ. ಆ ಹೊತ್ತಿನಲ್ಲಿ ನಾನು ಒಮ್ಮೆಯೂ ನೋಡಿಕೊಂಡಿರಲಿಲ್ಲ.

ಒಂದು ಗ್ಲುಕೋಮೀಟರ್ ಕೊಂಡೆ. ಸ್ಟ್ರಿಪ್ ದುಬಾರಿ, ದಿನವೂ ಚುಚ್ಚಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಹೊಸ ತಿಂಡಿ ತಿಂದ ದಿನ ಮಾತ್ರ, ಮೊದಲ ತುತ್ತಿನಿಂದ ಎರಡು ಗಂಟೆಗೆ ನೋಡುತ್ತೇನೆ. 180ರ ಒಳಗಿದ್ದರೆ ಆ ತಿಂಡಿ, ಆ ಅಳತೆ ನನಗೆ ಒಗ್ಗುತ್ತದೆ. ಮೇಲೆ ಹೋದರೆ ಮುಂದಿನ ಸಲ ಅಳತೆ ಬದಲಿಸಬೇಕು. ಇದನ್ನೆಲ್ಲ ಬಾಡಿಗೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲೇ ಬರೆದಿಟ್ಟಿದ್ದೇನೆ. ಅದೇ ಎಗ್ ರೈಸ್ ನನ್ನ ಜೊತೆಯ ಡ್ರೈವರ್‌ಗೆ ನನಗಿಂತ ಕಡಿಮೆ ಏರಿಸುತ್ತದೆ. ಅವನ ಪುಸ್ತಕ ಅವನಿಗೆ, ನನ್ನದು ನನಗೆ.

ಶುಗರ್ ಇದೆ ಎಂದು ಗೊತ್ತೇ ಇಲ್ಲದವರಿಗೂ ಒಂದು ಮಾತು. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಪರೀಕ್ಷೆ ಮಾಡುತ್ತಾರೆ. ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಹೋಗಿ ಬನ್ನಿ.

3. ಬಾಯಿಬಿಟ್ಟು ಕೇಳಿ

ನನಗೆ ಬಹಳ ತಡವಾಗಿ ಬಂದ ಬುದ್ಧಿ ಇದು. ನಮ್ಮ ಕಡೆ ಕೊಟ್ಟದ್ದನ್ನು ಕೊಟ್ಟಂತೆ ತಿನ್ನುವುದೇ ಮರ್ಯಾದೆ. ಗಾಡಿಯ ಹುಡುಗನಿಗೆ ಅದು ಬೇಡ, ಇದು ಕಡಿಮೆ ಹಾಕು ಅಂದರೆ ಸುತ್ತ ನಿಂತವರು ತಿರುಗಿ ನೋಡುತ್ತಾರೆ. ‘ಯಾಕಣ್ಣಾ, ಶುಗರ್ರಾ?’ ಅಂತ ಯಾರಾದರೂ ಕೇಳಿಬಿಟ್ಟರೆ ಎಂಬ ಅಂಜಿಕೆ. ಆ ಅಂಜಿಕೆಗೇ ಎಷ್ಟು ಪ್ಲೇಟು ಅನ್ನ ಸುಮ್ಮನೆ ತಿಂದಿದ್ದೇನೋ.

ಒಂದು ದಿನ ಪಾವಗಡದಲ್ಲಿ ಗಾಡಿಯ ಹತ್ತಿರ ಬೇರೆ ಯಾರೂ ಇರಲಿಲ್ಲ. ‘ತಮ್ಮಾ, ಅನ್ನ ಅರ್ಧ ಹಾಕು, ಮೊಟ್ಟೆ ಎರಡು ಹಾಕು, ಈರುಳ್ಳಿ, ಕೋಸು ಜಾಸ್ತಿ ಇರಲಿ, ಸಾಸ್ ಬೇಡ’ ಅಂದೆ. ಹುಡುಗ, ‘ಆಯ್ತಣ್ಣ, ಮೊಟ್ಟೆಗೆ ಮಾತ್ರ ಎಕ್ಸ್‌ಟ್ರಾ ಆಗುತ್ತೆ’ ಎಂದು ಬಾಣಲೆ ಎತ್ತಿದ. ಅಷ್ಟೇ ಆದದ್ದು. ಫುಲ್ ಪ್ಲೇಟ್ ತಿಂದು ಎರಡು ಗಂಟೆ ಕಳೆದ ಮೇಲೆ ನೋಡಿದಾಗ 260ರ ಹತ್ತಿರ ಬರುತ್ತಿದ್ದದ್ದು ಆ ರಾತ್ರಿ 170ಕ್ಕೆ ನಿಂತಿತ್ತು. ಮೊಟ್ಟೆಯಲ್ಲಿ ಶುಗರ್ ಏರಿಸುವ ಪಿಷ್ಟ ಇಲ್ಲವೆಂದೇ ಹೇಳಬೇಕು, ಒಂದರಲ್ಲಿ ಆರು ಗ್ರಾಮಿನಷ್ಟು ಪ್ರೋಟೀನ್ ಇದೆ. ಅನ್ನ ತೆಗೆದ ಜಾಗದಲ್ಲಿ ಮೊಟ್ಟೆ, ತರಕಾರಿ ಕೂತರೆ ಹೊಟ್ಟೆಯೂ ತುಂಬುತ್ತದೆ.

ಆಮೇಲೆ ಎಲ್ಲ ಕಡೆ ಕೇಳಲು ಶುರುಮಾಡಿದೆ. ಮಸಾಲ್‌ಪುರಿ ಗಾಡಿಯಲ್ಲಿ ಬಟಾಣಿ ಹೆಚ್ಚು, ಪುರಿ ಎರಡೇ, ಸಿಹಿ ಚಟ್ನಿ ಬೇಡ. ಚುರುಮುರಿಯವರ ಹತ್ತಿರ ಮಂಡಕ್ಕಿ ಅರ್ಧ, ಕಡಲೆಬೀಜ, ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ ಜಾಸ್ತಿ. ಮಂಡಕ್ಕಿ ಕೈಗೆ ಹಗುರ, ಆದರೆ ಉಬ್ಬಿದ ಅಕ್ಕಿ ಬೇಗ ಕರಗುತ್ತದೆ, ಶುಗರನ್ನು ಅಷ್ಟೇ ಬೇಗ ಏರಿಸುತ್ತದೆ. ಗಡಿಯಾಚೆ ಮಡಕಶಿರಾ, ಹಿಂದೂಪುರದ ಕಡೆ ಬಾಡಿಗೆ ಹೋದರೆ ಬೆಳಗಿನ ತಿಂಡಿಗೆ ಉಗ್ಗಾಣಿ ಸಿಗುತ್ತದೆ. ಅದೂ ಮಂಡಕ್ಕಿಯೇ. ಜೊತೆಗೆ ಕೊಡುವ ಮೆಣಸಿನಕಾಯಿ ಬಜ್ಜಿಯನ್ನು ಬಿಟ್ಟು, ಒಂದು ಆಮ್ಲೆಟ್ ಹಾಕಿಸಿಕೊಂಡು, ಉಗ್ಗಾಣಿಯನ್ನು ಜೊತೆಯವರೊಬ್ಬರ ಸಂಗಡ ಹಂಚಿಕೊಳ್ಳುತ್ತೇನೆ.

ಈ ಕಸುಬಿನವರು ಗಿರಾಕಿಯ ಬಾಯಿರುಚಿಗೆ ತಕ್ಕಂತೆ ಮಾಡಿಕೊಡುವುದರಲ್ಲಿ ಪಳಗಿದವರು. ಖಾರ ಜಾಸ್ತಿ ಅಂದರೆ ಹಾಕಿ ಕೊಡುತ್ತಾರೆ, ಹುರಿದು ಗರಿಗರಿ ಮಾಡು ಅಂದರೂ ಮಾಡುತ್ತಾರೆ. ಅನ್ನ ಕಡಿಮೆ ಅಂದಾಗ ಬೇಸರಪಟ್ಟವರನ್ನು ನಾನು ಇನ್ನೂ ಕಂಡಿಲ್ಲ. ದೊಡ್ಡ ಊರಿನ ಬ್ರ್ಯಾಂಡಿನ ಅಂಗಡಿಗಳಲ್ಲಿ ಬರ್ಗರಿನ ಬನ್ನು ಇಷ್ಟೇ ದೊಡ್ಡದು, ಪಿಜ್ಜಾದ ರೊಟ್ಟಿ ಇಷ್ಟೇ ದಪ್ಪ ಅಂತ ಮೊದಲೇ ತೀರ್ಮಾನವಾಗಿರುತ್ತದೆ. ನಮ್ಮ ಗಾಡಿಗಳಲ್ಲಿ ಎಲ್ಲವೂ ಕಣ್ಣೆದುರು ಬೇಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇದಕ್ಕಿಂತ ಅನುಕೂಲ ಬೇರೆಲ್ಲಿ ಸಿಗುತ್ತದೆ ಹೇಳಿ.

4. ಗೋಬಿಯನ್ನು ತರಕಾರಿ ಲೆಕ್ಕಕ್ಕೆ ಸೇರಿಸಬೇಡಿ

ಹೂಕೋಸು ತರಕಾರಿ ತಾನೇ, ಅನ್ನಕ್ಕಿಂತ ವಾಸಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ತಿಂದವನು ನಾನು. ಆದರೆ ಹೂಕೋಸಿನ ಮೇಲೆ ಕೂತಿರುವುದು ಮೈದಾ ಮತ್ತು ಕಾರ್ನ್‌ಫ್ಲೋರ್. ಆಮೇಲೆ ಎಣ್ಣೆ, ಅದರ ಮೇಲೆ ಸಿಹಿ ಇರುವ ಸಾಸ್. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ತುಂಬ ಒಳ್ಳೆಯ ಕೆಲಸ. ಬಣ್ಣ ಹೋದರೂ ಹಿಟ್ಟು ಹಾಗೇ ಉಳಿದಿದೆ.

ಗೋಬಿ ನನಗೆ ಇನ್ನೊಂದು ವಿಷಯ ತೋರಿಸಿಕೊಟ್ಟಿತು. ತಿಂದು ಎರಡು ಗಂಟೆಗೆ ನೋಡಿದರೆ ಅಷ್ಟೇನೂ ಏರಿರಲಿಲ್ಲ. ಸಂತೋಷವಾಯಿತು. ಮಲಗುವ ಮುಂಚೆ ಬಾಯಿ ಒಣಗಿತು, ಮತ್ತೊಮ್ಮೆ ನೋಡಿದೆ, ಆಗ ಏರಿತ್ತು. ಡಾಕ್ಟರನ್ನು ಕೇಳಿದಾಗ ಕಾರಣ ಹೇಳಿದರು: ಎಣ್ಣೆ ಹೆಚ್ಚಿದ್ದರೆ ಊಟ ಹೊಟ್ಟೆಯಿಂದ ಮುಂದಕ್ಕೆ ಜಾರುವುದು ತಡವಾಗುತ್ತದೆ, ಸಕ್ಕರೆಯೂ ತಡವಾಗಿ ರಕ್ತಕ್ಕೆ ಸೇರುತ್ತದೆ. ಕರಿದದ್ದನ್ನು ತಿಂದ ದಿನ ಮೂರು-ನಾಲ್ಕು ಗಂಟೆಯ ಮೇಲೂ ಒಮ್ಮೆ ನೋಡಿಕೊಳ್ಳಬೇಕು. ಪೂರಿ, ಬೋಂಡಾ, ಪರೋಟಕ್ಕೂ ಇದೇ ಮಾತು. ಈಗ ಗೋಬಿ ಆಸೆಯಾದರೆ ನಾಲ್ಕು ಜನ ಸೇರಿ ಒಂದು ಪ್ಲೇಟು ಹೇಳುತ್ತೇವೆ. ನನ್ನ ಪಾಲಿಗೆ ಎರಡು-ಮೂರು ತುಂಡು ಬರುತ್ತದೆ, ಅಷ್ಟು ಸಾಕು.

5. ಅನ್ನ ಕೊನೆಗೆ ಬರಲಿ

ಅದೇ ತಟ್ಟೆ, ಅದೇ ಊಟ, ತಿನ್ನುವ ಸರದಿ ಬದಲಿಸಿದರೂ ಶುಗರ್ ಬದಲಾಗುತ್ತದೆ ಅನ್ನುವುದನ್ನು ನಾನು ಮೊದಲು ನಂಬಲಿಲ್ಲ. ಆದರೆ ನ್ಯೂಯಾರ್ಕಿನ ವೀಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದ್ದರು. ತರಕಾರಿ, ಮಾಂಸ ಮೊದಲು ತಿಂದು ಬ್ರೆಡ್ಡು, ಹಣ್ಣಿನ ರಸ ಆಮೇಲೆ ತೆಗೆದುಕೊಂಡರೆ ಊಟದ ನಂತರದ ಸಕ್ಕರೆ ಸಾಕಷ್ಟು ಕಡಿಮೆ ಏರಿತ್ತು. ಮಿಲ್ಟ್ರಿ ಹೋಟೆಲಿನಲ್ಲಿ ನಾನೂ ಮಾಡಿ ನೋಡಿದೆ. ಮೊದಲು ಮಟನ್ ತುಂಡು, ಈರುಳ್ಳಿ, ಸೌತೆಕಾಯಿ. ಆಮೇಲೆ ಮುದ್ದೆ. ನನ್ನ ಪುಸ್ತಕದಲ್ಲೂ ವ್ಯತ್ಯಾಸ ಕಂಡಿತು. ಸಸ್ಯಾಹಾರಿಗಳಿಗೆ ಕಾಳಿನ ಪಲ್ಯ ಇದೆ. ಹುರುಳಿ, ಅವರೆ, ಹೆಸರು, ಯಾವುದಾದರೂ ಸರಿ. ತುಮಕೂರಿಗೆ ಹೋದಾಗ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಡಲು ನನಗೆ ಮನಸ್ಸಿಲ್ಲ. ಒಂದೇ ಒಂದು ಹೇಳುತ್ತೇನೆ. ಮನೆಯಿಂದ ತಂದ ಬೇಯಿಸಿದ ಮೊಟ್ಟೆ ಅಥವಾ ಮೊಳಕೆ ಹೆಸರುಕಾಳನ್ನು ಬೊಲೆರೊದಲ್ಲೇ ತಿಂದು ಇಳಿಯುತ್ತೇನೆ. ಒಂದು ತಟ್ಟೆ ಇಡ್ಲಿ ಅಂದರೆ ಎರಡು-ಮೂರು ಸಾಮಾನ್ಯ ಇಡ್ಲಿಗೆ ಸಮ ಅನ್ನುವುದನ್ನು ಮರೆಯಬಾರದು.

6. ಸಕ್ಕರೆಯನ್ನು ಕುಡಿಯಬೇಡಿ

ಇದರಲ್ಲಿ ರಾಜಿಯಿಲ್ಲ. ತಂಪು ಪಾನೀಯದ ಬಾಟಲಿ ಹಿಂದೆ ಓದಿ, ನೂರು ಮಿಲಿಲೀಟರಿಗೆ ಹತ್ತು-ಹನ್ನೊಂದು ಗ್ರಾಂ ಸಕ್ಕರೆ ಎಂದು ಬರೆದಿರುತ್ತದೆ. ಕಬ್ಬಿನ ಹಾಲು ಅದಕ್ಕಿಂತ ಒಳ್ಳೆಯದೇನಲ್ಲ. ಅಗಿಯುವ ಕೆಲಸವಿಲ್ಲ, ನಾರಿಲ್ಲ, ಕುಡಿದ ಕೂಡಲೇ ರಕ್ತಕ್ಕೆ. ನಮ್ಮ ಬಿಸಿಲಿಗೆ ಬಾಯಾರಿಕೆ ಸಹಜ. ಉಪ್ಪು ಹಾಕಿದ ನಿಂಬೆ ಸೋಡ ಕೇಳಿ, ನೀರು ಮಜ್ಜಿಗೆ ಕೇಳಿ. ಟೀ ಬಿಡಲು ನನ್ನಿಂದ ಆಗಲಿಲ್ಲ, ಸಕ್ಕರೆ ಬಿಟ್ಟೆ. ಮೊದಮೊದಲು ಕಹಿ ಅನ್ನಿಸಿತು. ಈಗ ಯಾರಾದರೂ ಸಕ್ಕರೆ ಹಾಕಿ ಕೊಟ್ಟರೆ ಗಂಟಲಿಗೆ ಇಳಿಯುವುದಿಲ್ಲ.

7. ಮುದ್ದೆಗೂ ಅಳತೆ ಇದೆ

ನಮ್ಮ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟ. ಶುಗರ್ ಬಂದವರಿಗೆಲ್ಲ ಊರವರು ಕೊಡುವ ಸಲಹೆ ಒಂದೇ: ಅನ್ನ ಬಿಡು, ಮುದ್ದೆ ತಿನ್ನು. ನಾನೂ ಅನ್ನ ಬಿಟ್ಟು ದೊಡ್ಡ ದೊಡ್ಡ ಎರಡು ಮುದ್ದೆ ನುಂಗುತ್ತಿದ್ದೆ. ಶುಗರ್ ಇಳಿಯಲಿಲ್ಲ. ರಾಗಿಯಲ್ಲಿ ನಾರು ಇದೆ, ನೂರು ಗ್ರಾಮಿಗೆ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ, ಪಾಲಿಷ್ ಅಕ್ಕಿಗಿಂತ ಎಷ್ಟೋ ಮೇಲು. ಆದರೆ ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಪಿಷ್ಟವೇ. ಗೇದು ಬಂದ ಮೈ ಎರಡು ಮುದ್ದೆಯನ್ನು ಅರಗಿಸಿಕೊಳ್ಳುತ್ತಿತ್ತು. ಸ್ಟೇರಿಂಗ್ ಹಿಡಿದು ಕೂತ ಮೈಗೆ ಅಷ್ಟು ಬೇಡ. ಈಗ ಒಂದು ಸಣ್ಣ ಮುದ್ದೆ, ಎರಡು ಸೌಟು ಸೊಪ್ಪಿನ ಸಾರು, ಒಂದು ಬಟ್ಟಲು ಕಾಳು. ಮನೆಯಲ್ಲಿ ನನಗಾಗಿ ಮುದ್ದೆ ಚಿಕ್ಕದು ಕಟ್ಟುವಾಗ ನನ್ನ ಹೆಂಡತಿಗೆ ಇವತ್ತಿಗೂ ಮನಸ್ಸು ಒಪ್ಪುವುದಿಲ್ಲ. ಸಾರು ಜಾಸ್ತಿ ಬಡಿಸಿ ಸಮಾಧಾನ ಮಾಡಿಕೊಳ್ಳುತ್ತಾಳೆ.

8. ಮಾತ್ರೆ ನುಂಗಿ ಊಟ ತಪ್ಪಿಸಬೇಡಿ

ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಈ ವಿಷಯದಲ್ಲಿ. ಹಿಂದೊಮ್ಮೆ ಡಾಕ್ಟರು ನನಗೆ ಮೆಟ್‌ಫಾರ್ಮಿನ್ ಮಾತ್ರೆ ಜೊತೆ ಗ್ಲಿಮೆಪಿರೈಡ್ ಕೂಡ ಕೊಟ್ಟಿದ್ದರು. ಒಂದು ದಿನ ಬೆಳಿಗ್ಗೆ ಮಾತ್ರೆ ನುಂಗಿದೆ, ಮಧುಗಿರಿಯಲ್ಲಿ ತಿಂಡಿ ತಿಂದರಾಯಿತು ಎಂದು ಹೊರಟೆ. ಬೊಲೆರೊ ತುಂಬ ಜನ. ಮಿಡಿಗೇಶಿ ದಾಟುವಷ್ಟರಲ್ಲಿ ಕೈ ನಡುಗತೊಡಗಿತು, ಬೆವರು ಇಳಿಯಿತು, ಎದೆ ಹೊಡೆದುಕೊಳ್ಳತೊಡಗಿತು. ಕಣ್ಣೆದುರಿನ ರಸ್ತೆ ಎರಡಾದಂತೆ ಕಂಡಿತು. ಪಕ್ಕಕ್ಕೆ ನಿಲ್ಲಿಸುವಷ್ಟು ಎಚ್ಚರ ಹೇಗೋ ಉಳಿದಿತ್ತು. ಹಿಂದೆ ಕೂತಿದ್ದ ಹಿರಿಯರೊಬ್ಬರು, ‘ಶುಗರ್ ಇಳಿದೈತೆ ಕಣಪ್ಪ, ಸಕ್ಕರೆ ಬಾಯಿಗೆ ಹಾಕ್ಕೋ’ ಎಂದು ತಮ್ಮ ಚೀಲದಿಂದ ತೆಗೆದು ಕೊಟ್ಟರು. ಹಿಂದೆ ಕೂತಿದ್ದ ಅಷ್ಟೂ ಜನರ ಜೀವ ನನ್ನ ಕೈಯಲ್ಲಿತ್ತು. ಅದನ್ನು ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ.

ಏರಿದ ಶುಗರ್ ವರ್ಷಗಟ್ಟಲೆ ಕೊರೆಯುತ್ತದೆ, ಇಳಿದ ಶುಗರ್ ನಿಮಿಷಗಳಲ್ಲಿ ಬೀಳಿಸುತ್ತದೆ. 70ರ ಕೆಳಗೆ ಬಂದರೆ ಹದಿನೈದು ಗ್ರಾಮಿನಷ್ಟು, ಅಂದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ತಿನ್ನಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲದಿದ್ದರೆ ಅಷ್ಟೇ ಮತ್ತೊಮ್ಮೆ. ಸರಿಹೋದ ಮೇಲೆ ಊಟ ಮಾಡಬೇಕು. ಆ ಹೊತ್ತಿನಲ್ಲಿ ಚಾಕೊಲೇಟು, ಕ್ರೀಮ್ ಬಿಸ್ಕತ್ತು ಕೆಲಸಕ್ಕೆ ಬರುವುದಿಲ್ಲ, ಅದರ ಜಿಡ್ಡು ಸಕ್ಕರೆಯನ್ನು ತಡಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ. ಸುಧಾರಿಸಿಕೊಂಡ ಮೇಲೂ ನಾನು ಮುಕ್ಕಾಲು ಗಂಟೆ ಸ್ಟೇರಿಂಗ್ ಮುಟ್ಟುವುದಿಲ್ಲ. ಆ ಘಟನೆಯನ್ನು ಡಾಕ್ಟರಿಗೆ ಹೇಳಿದ ಮೇಲೆ ಮಾತ್ರೆಯ ಅಳತೆ ಬದಲಿಸಿದರು. ಗ್ಲೂಕೋಸ್ ಪೊಟ್ಟಣ ಈಗ ಗೇರಿನ ಪಕ್ಕದಲ್ಲೇ ಇರುತ್ತದೆ. ಬೊಲೆರೊ ಹತ್ತುವವರಿಗೂ ಅದು ಎಲ್ಲಿದೆ, ಯಾತಕ್ಕೆ ಎಂದು ಹೇಳಿಟ್ಟಿರುತ್ತೇನೆ.

9. ತಿಂದು ಸೀಟಿಗೆ ಒರಗಬೇಡಿ

ಊಟವಾದ ಮೇಲೆ ಹದಿನೈದು ನಿಮಿಷ ನಡೆಯಿರಿ. ನಡೆಯುವ ಕಾಲಿನ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಬಸ್ ಸ್ಟ್ಯಾಂಡಿನ ಸುತ್ತ ಎರಡು ಸುತ್ತು ಹಾಕಿದರೂ ಆಯಿತು.

10. ಜಾತ್ರೆ, ಹಬ್ಬಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ

ಪುಷ್ಯ ಮಾಸದಲ್ಲಿ ನಾಗಲಮಡಿಕೆ ಸುಬ್ರಹ್ಮಣ್ಯ ಸ್ವಾಮಿಯ ಜಾತ್ರೆ. ಬತ್ತಾಸು, ಬೆಂಡು, ಮಿಕ್ಸ್ಚರ್, ಬಿಸಿ ಬಜ್ಜಿ. ಯುಗಾದಿಗೆ ಮನೆಮನೆಯಲ್ಲೂ ಒಬ್ಬಟ್ಟು. ಅಕ್ಕನ ಮನೆಯಲ್ಲಿ ಬೇಡ ಅಂದರೆ ಅವಳ ಮುಖ ಸಣ್ಣದಾಗುತ್ತದೆ. ಒಂದು ಒಬ್ಬಟ್ಟನ್ನು ಕೋಸಂಬರಿ, ಪಲ್ಯ ಎಲ್ಲ ಆದ ಮೇಲೆ, ಅನ್ನ ಬಿಟ್ಟು ತಿನ್ನುತ್ತೇನೆ. ಆದರೂ ಆ ದಿನ 200 ದಾಟುತ್ತದೆ. ಅದನ್ನೂ ಪುಸ್ತಕದಲ್ಲಿ ಬರೆದು ಡಾಕ್ಟರಿಗೆ ತೋರಿಸುತ್ತೇನೆ. ಹಿಂದೆ ಅಂಥ ದಿನಗಳ ಲೆಕ್ಕ ಬಚ್ಚಿಡುತ್ತಿದ್ದೆ. ಬಚ್ಚಿಟ್ಟರೆ ಅವರು ಮಾತ್ರೆಯನ್ನು ಯಾವ ಆಧಾರದ ಮೇಲೆ ಬರೆಯಬೇಕು?

11. ವರ್ಷಕ್ಕೊಮ್ಮೆ ಕಣ್ಣು ತೋರಿಸಿ

ಕಣ್ಣು ಚೆನ್ನಾಗಿಯೇ ಕಾಣುತ್ತಿದೆ ಎಂದು ನಾನು ಮುಂದೂಡುತ್ತಲೇ ಬಂದಿದ್ದೆ. ಸಕ್ಕರೆ ಅಕ್ಷಿಪಟಲದ ಸಣ್ಣ ರಕ್ತನಾಳಗಳನ್ನು ಹಾಳುಮಾಡುವಾಗ ಮೊದಮೊದಲು ನೋವಿಲ್ಲ, ಮಸುಕೂ ಇಲ್ಲ. ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಪಾವಗಡದಲ್ಲೇ ಶ್ರೀ ರಾಮಕೃಷ್ಣ ಸೇವಾಶ್ರಮದವರ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆ ಇದೆ. ನಮ್ಮ ಕಡೆಯವರು ಕಣ್ಣಿಗಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. ಶುಗರ್ ಇದೆ, ಕಣ್ಣಿನ ಹಿಂಭಾಗ ನೋಡಿ ಎಂದು ಬಿಡಿಸಿ ಹೇಳಿ, ಇಲ್ಲದಿದ್ದರೆ ಕನ್ನಡಕದ ನಂಬರಷ್ಟೇ ನೋಡಿಸಿಕೊಂಡು ಬಂದುಬಿಡುತ್ತೀರಿ. ಪಾಪೆ ಅಗಲವಾಗಲು ಹನಿ ಹಾಕುತ್ತಾರೆ. ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಬಿಸಿಲು ಚುಚ್ಚುತ್ತದೆ. ಅಂದು ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಬಸ್ಸಿನಲ್ಲಿ ಹೋಗಿ ಬನ್ನಿ.